ದಿನೇದಿನೇ ದಪ್ಪವಾದ ಚೀಲ

ಪಂಪ್‌ಹೌಸಿನ ಬಾಗಿಲಿಗೆ ಬೀಗ ಜಡಿದು, ಎರಡು ಸಲ ಜಗ್ಗಿ ನೋಡಿ, ಎಸ್ಟೇಟಿನ ಆಳುಗಳ ಉಸ್ತುವಾರಿಯ ರೈಟರ್ ರೇವಣ್ಣ ಕೀಲಿಯನ್ನು ಜೇಬಿಗಿಳಿಸಿ ತಿರುಗಿದ. ಪಕ್ಕದ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದ ಕುಸುಮಾ ಅಷ್ಟರಲ್ಲೇ ಚೀಲದಿಂದ ಇಟ್ಟಿಗೆ ದಪ್ಪದ ಪವರ್ ಬ್ಯಾಂಕ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿಯಾಗಿತ್ತು.

ನಿನ್ನೆಯವರೆಗೂ ಅವಳು ಪಂಪ್‌ಹೌಸಿನಿಂದ ವಯರ್ ಎಳೆದುಕೊಳ್ಳುತ್ತಿದ್ದಳು. ಬೀಗ ಬರುವ ಸುದ್ದಿ ರೇವಣ್ಣನ ಹೆಂಡತಿಗೂ ಗೊತ್ತಿರಲಿಲ್ಲ. ಇವಳಿಗೆ ಊದಿದವರು ಯಾರು?

"ಬೀಗ ಚೆನ್ನಾಗಿದೆ ಸಾರ್," ಎಂದಳು ಕುಸುಮಾ ತಲೆ ಎತ್ತದೆ.

ಚೆನ್ನಾಗಿಯೇ ಇತ್ತು. ಅವನು ಕೇಳಿದ್ದು ಸಣ್ಣ ಬೀಗ, ಕಂಪನಿ ಕಳಿಸಿದ್ದು ಅಂಗೈಯಗಲದ ಹಿತ್ತಾಳೆಯದು. ರೇವಣ್ಣನಿಗೆ ಆ ಹೆಮ್ಮೆಯೂ ಅರ್ಧಕ್ಕರ್ಧ ಇಳಿದುಹೋಯಿತು.

ಸಿದ್ದಾಪುರದಾಚೆಯ ಆ ಎಸ್ಟೇಟಿನಲ್ಲಿ, ಆಫೀಸಿನ ವೈಫೈ ಬಿಟ್ಟರೆ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯ ಈ ಟ್ಯಾಂಕಿನ ಹತ್ತಿರ ಮಾತ್ರ. ಕೂಲಿಯಾಳುಗಳ ಲೈನಿನ ನಾಲ್ಕನೇ ಮನೆಯ ಲಿಂಗಿಯ ಮಗಳು ಕುಸುಮಾ, ಬಿಕಾಂ ಮುಗಿಸಿದವಳು, ದಿನಾ ಒಂಬತ್ತಕ್ಕೆ ಚೀಲ ಹೊತ್ತು ಇಲ್ಲಿಗೆ ಹತ್ತುತ್ತಾಳೆ, ಸಂಜೆ ಇಳಿಯುತ್ತಾಳೆ. ಕಾಫಿ ಹಣ್ಣು ಬಿಡಿಸುವ ಪಿಕಿಂಗ್ ಜೋರಾಗಿದೆ. ಆಳು ಸಿಗದೆ ರೇವಣ್ಣ ತಲೆ ಚಚ್ಚಿಕೊಳ್ಳುತ್ತಿರುವಾಗ, ಕೈಕಾಲು ನೆಟ್ಟಗಿರುವ ಹುಡುಗಿ ಕಣ್ಣೆದುರೇ ಕೂತು ಬೆರಳಾಡಿಸುತ್ತಾಳೆಂದರೆ ಯಾವ ರೈಟರಿಗೆ ತಾನೆ ಮೈ ಉರಿಯುವುದಿಲ್ಲ? ಮೊದಲ ದಿನವೇ ವಿಚಾರಿಸಿದ್ದ.

"ಏನಮ್ಮಿ ಇದು?"

"ಕೆಲಸ ಸಾರ್. ನಮ್ಮ..."

"ಕೆಲಸ ಅಂದ್ರೆ ಚೀಲ ಕಟ್ಕೊಂಡು ಕಾಫಿ ಗಿಡದ ಬುಡಕ್ಕೆ ಹೋಗೋದು ಕಣಮ್ಮಿ. ನಿಮ್ಮವ್ವನ ಮಂಡಿ ಹೋಗಿದೆ, ಇವತ್ತೋ ನಾಳೆಯೋ ಕೂತ್ಕೋತಾಳೆ. ಮನೇಲಿ ಒಬ್ರಾದ್ರೂ ಕಂಪನಿ ಕೆಲಸದಲ್ಲಿಲ್ಲ ಅಂದ್ರೆ ಲೈನ್ ಮನೆ ಖಾಲಿ ಮಾಡ್ಬೇಕು. ರೂಲ್ಸ್ ಗೊತ್ತಲ್ಲ?"

"ಗೊತ್ತು ಸಾರ್. ಚೆನ್ನಾಗೇ ಗೊತ್ತು."

ಅರ್ಧಕ್ಕೆ ತುಂಡಾದ ಮಾತನ್ನು ಅವಳು ಮತ್ತೆ ಮುಂದುವರಿಸಲಿಲ್ಲ. ಗದ್ದವೆತ್ತಿ ಅವನನ್ನೇ ನೋಡಿದಳು. ಲೈನಿನವರು ಹಾಗೆ ನೋಡಿದ್ದನ್ನು ರೇವಣ್ಣ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಅವತ್ತಿನಿಂದ ಜಟಾಪಟಿ ಶುರುವಾಯಿತು.

ಎಸ್ಟೇಟನ್ನು ಹೋದ ವರ್ಷ ಹೊರಗಿನ ಕಂಪನಿಯೊಂದು ಕೊಂಡಿತ್ತು. ಈಗ ಒಂದು ಮೊಳೆ ಬೇಕಾದರೂ ಅವರ ಆ್ಯಪಿನಲ್ಲಿ ಅರ್ಜಿ ಹಾಕಬೇಕು. ಹತ್ತು ಎಸ್ಟೇಟುಗಳ ಅರ್ಜಿ ನೋಡುವ ಸಹಾಯ ವಿಭಾಗ ಬಲು ಚುರುಕು. ಹಳೇ ಧಣಿಯ ಹಾಗೆ ಯಾಕೆ, ಏನು ಎಂದು ಕೊರೆಯುವುದಿಲ್ಲ. ನಿಯಮಕ್ಕೆ ಸರಿಯಿದ್ದರೆ ಮಂಜೂರು. ರೇವಣ್ಣನಿಗೆ ಅದು ಬಹಳ ಹಿಡಿಸಿತ್ತು.

ಬೀಗದ ನಂತರ 'ಟ್ಯಾಂಕಿನ ಮೇಲೆ ಕೂರಬಾರದು' ಎಂಬ ಬೋರ್ಡು ಕೇಳಿದ. ಮಂಜೂರಾಯಿತು. ಬೋರ್ಡು ನೆಡಲು ಹೋದಾಗ ಕುಸುಮಾ ಟ್ಯಾಂಕಿನಿಂದ ಮೂರು ಮಾರು ದೂರದಲ್ಲಿ, ಮಡಚುವ ಸ್ಟೂಲಿನ ಮೇಲೆ ರಾಣಿಯ ಹಾಗೆ ಕೂತಿದ್ದಳು.

ರೇವಣ್ಣ ನೇರ ಆಫೀಸಿಗೆ ಬಂದು ಅಟೆಂಡರ್ ಗಿರಿಯ ಮೇಲೆ ಎಗರಿದ. "ನನ್ನ ಫೋನು ಕದ್ದು ನೋಡ್ತೀಯೇನೋ?"

"ನಂಗೆ ಓದಕ್ಕೇ ಬರಲ್ಲ ಸಾರ್," ಎಂದು ಗಿರಿ ಅಳುಮೋರೆ ಮಾಡಿದ.

ಲಿಂಗಿಯ ಮಂಡಿ ತೋರಿಸಲು ತಾಯಿ ಮಗಳು ಆಸ್ಪತ್ರೆಗೆ ಹೋದ ಸೋಮವಾರ ಗುಡ್ಡ ಖಾಲಿಯಿತ್ತು. ಇದೇ ಸಮಯವೆಂದು ರೇವಣ್ಣ, ಅವಳಿಗೆ ನೆರಳು ಕೊಡುವ ಹಲಸಿನ ಕೊಂಬೆ ಕಡಿಸಲು ಅನುಮತಿ ಕೇಳಿದ. ಅವತ್ತೇ ನೋಡಿ, ಕಂಪನಿಯಿಂದ ಉತ್ತರವಿಲ್ಲ. ವೈಫೈಗೆ ಶಾಪ ಹಾಕಿದ. ಮಂಜೂರಾತಿ ಬಂದದ್ದು ಮಂಗಳವಾರ. ಬುಧವಾರ ಕೊಂಬೆ ನೆಲಕ್ಕೆ ಬಿದ್ದಾಗ ಕುಸುಮಾ ಚೀಲದಿಂದ ದೊಡ್ಡದೊಂದು ಕೊಡೆ ತೆಗೆದು ಪಟ್ಟನೆ ಬಿಚ್ಚಿದಳು.

ಸಂಜೆ ಲೈನಿನ ಹಾದಿಯ ಗೇಟಿನಲ್ಲಿ ಎಲ್ಲರೆದುರು ಅವಳನ್ನು ತಡೆದ. ಪಿಕಿಂಗ್ ಆಳುಗಳ ಚೀಲ ತಡಕುವುದು ಎಸ್ಟೇಟಿನ ಪದ್ಧತಿ. ಕದ್ದ ಕಾಫಿ ಹಣ್ಣು ಚೀಲದ ತಳದಲ್ಲಿರುತ್ತದೆಂದು ರೇವಣ್ಣನ ಕೈಗೆ ಗೊತ್ತು. ಲ್ಯಾಪ್‌ಟಾಪ್, ಹೆಡ್‌ಫೋನು, ವಯರು, ಪವರ್ ಬ್ಯಾಂಕ್, ನೀರಿನ ಬಾಟ್ಲಿ, ರೊಟ್ಟಿಯ ಡಬ್ಬಿ, ನೀಲಿ ದಾರದ ಯಾವುದೋ ಕಾರ್ಡು. ಎಲ್ಲವನ್ನೂ ಆಚೆ ಸರಿಸಿ ತಳವನ್ನು ಕೆದಕಿದ. ಒಂದು ಹಣ್ಣೂ ಸಿಗಲಿಲ್ಲ.

"ನನ್ ಮಗ್ಳು ಕಳ್ಳಿ ಅಲ್ಲ ರೈಟ್ರೇ," ಎಂದಳು ಕೋಲೂರಿಕೊಂಡು ಬಂದ ಲಿಂಗಿ. ಅವಳಿಂದ ಪಿಕಿಂಗ್ ಇನ್ನು ಆಗದೆಂದು ಡಾಕ್ಟರು ಹೇಳಿಯಾಗಿತ್ತು.

"ಅಳಬೇಡವ್ವಾ," ಎಂದು ಕುಸುಮಾ ಒಂದೊಂದೇ ಸಾಮಾನು ಒರೆಸಿ ಚೀಲಕ್ಕೆ ತುಂಬಿದಳು. "ಸಾರ್, ಯಾರಿಗೆ ಬೇಕಾದ್ರೂ ಬರೀರಿ. ನಾನಂತೂ ಅಲ್ಲಿಂದ ಏಳಲ್ಲ."

ರೇವಣ್ಣ ಅವತ್ತೇ ಬರೆದ: 'ಲಿಂಗಿ ಕೆಲಸ ಬಿಟ್ಟಿದ್ದಾಳೆ. ನಾಲ್ಕನೇ ಮನೆ ತೆರವು ಮಾಡಿಸಬೇಕು.' ಇದಕ್ಕೆ ಪರಿಹಾರ ಯಾವ ಚೀಲದಲ್ಲಿ ತರುತ್ತಾಳೋ ನೋಡೋಣ ಎಂದುಕೊಂಡ. ಸಾಮಾನ್ಯವಾಗಿ ಗಂಟೆಯೊಳಗೆ ಬರುತ್ತಿದ್ದ ಉತ್ತರ ಈ ಸಲ ಮೂರು ದಿನವಾದರೂ ಬರಲಿಲ್ಲ.

ನಾಲ್ಕನೇ ದಿನ ಫೋನು ಟಿಣ್ ಎಂದದ್ದೇ ತಡ, ತೆರೆದೂ ನೋಡದೆ ಗುಡ್ಡ ಹತ್ತಿದ. ಅವಳ ಮುಂದೆಯೇ ಗಟ್ಟಿಯಾಗಿ ಓದಬೇಕೆಂಬ ಆಸೆ.

"'ನಾಲ್ಕನೇ ಮನೆಯಲ್ಲಿ ವಾಸವಿರುವ ಒಬ್ಬರು ಈಗಾಗಲೇ ಕಂಪನಿಯ ನೌಕರರಾಗಿದ್ದಾರೆ. ಅರ್ಜಿ ತಿರಸ್ಕರಿಸಲಾಗಿದೆ. ಜನರಲ್ ಮ್ಯಾನೇಜರ್.'" ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. "ಯಾರು? ಯಾವ ನೌಕರ?"

ಕುಸುಮಾ ಚೀಲಕ್ಕೆ ಕೈಹಾಕಿ ನೀಲಿ ದಾರದ ಕಾರ್ಡು ತೆಗೆದು ಕೊರಳಿಗೆ ಹಾಕಿಕೊಂಡಳು. ಅದರ ಮೇಲೆ ಅವಳ ಫೋಟೋ ಇತ್ತು. ಕೆಳಗೆ 'ಸಹಾಯ ವಿಭಾಗ' ಎಂದಿತ್ತು.

"ನಮ್ಮನೆ ವಿಷಯ ನಾನೇ ತೀರ್ಮಾನ ಮಾಡ್ಬಾರ್ದು ಅಂತ ಇದೊಂದನ್ನ ದೊಡ್ಡವ್ರಿಗೆ ಕಳಿಸ್ದೆ ಸಾರ್, ಉಳಿದಿದ್ದೆಲ್ಲ ನಾನೇ ಮಂಜೂರು ಮಾಡಿದ್ದು, ಬೀಗ ಮಾತ್ರ ನೀವು ಸಣ್ಣದು ಕೇಳಿದ್ರಿ, ಗಟ್ಟಿದೇ ಇರ್ಲಿ ಅಂತ ಬದಲಾಯಿಸ್ದೆ."