ಮೇಲಿನ ಸ್ವರ

ಹಾಡು ಮೇಲಿನ ಸ್ವರಕ್ಕೆ ಏರಬೇಕಾದ ಜಾಗದಲ್ಲೇ ಟೈಲರನ ಗಂಟಲು ಕೈಕೊಟ್ಟಿತು. ಹಳೇ ಬಟ್ಟೆ ಹರಿದಂತೆ ಪರ್ರೆಂದು, ಆಮೇಲೆ ಬರೀ ಗಾಳಿ ಬಂತು. ಹಾರ್ಮೋನಿಯಂ ನುಡಿಸುತ್ತಿದ್ದ ಅವನ ಅಕ್ಕ ವಾದ್ಯದಿಂದ ಬೆರಳೆತ್ತಿದಳು.

ಕೆಟ್ಟ ಕೆಮ್ಮೊಂದು ಬಂದು ಹೋದ ಮೇಲೆ ಆ ಸ್ವರ ಅವನ ಹತ್ತಿರ ಸುಳಿದಿರಲಿಲ್ಲ. ಇವತ್ತೂ ಬರದಿದ್ದರೆ ಹಾಡುವುದನ್ನೇ ಬಿಡುತ್ತೇನೆ ಎಂದು ಬೆಳಿಗ್ಗೆ ಅಕ್ಕನಿಗೆ ಹೇಳಿದ್ದ. "ಬಿಡೋದಾದ್ರೆ ಮೊದ್ಲು ಸಿಗರೇಟು ಬಿಡು" ಎಂದು ಅವಳು ಗದರಿದ್ದಳು. ಆದರೆ ಅವನು ತಮಾಷೆಗೆ ಹೇಳಿದ್ದಲ್ಲ. ರಜೆಯ ಮಧ್ಯಾಹ್ನ ಅಂಗಡಿಯ ಶಟರು ಅರ್ಧ ಇಳಿಸಿ, ಬಟ್ಟೆಯ ಚೂರುಗಳ ನಡುವೆ ಕೂತು ಹಾಡುವ ಈ ಒಂದು ಗಂಟೆಗಾಗಿಯೇ ಅವನು ವಾರವಿಡೀ ಊರಿನವರ ಸೊಂಟ ಅಳೆಯುತ್ತಿದ್ದ.

"ಆಹಾ!" ಎದುರಿಗೆ ಕೂತಿದ್ದ ಗೆಳೆಯ ತೊಡೆ ತಟ್ಟಿದ. "ಇದಪ್ಪಾ ಹಾಡು ಅಂದ್ರೆ!"

ಅವನು ಹಿಟ್ಟಿನ ಗಿರಣಿಯವನು. ಹುಬ್ಬಿಗೆ ಮೆತ್ತಿದ ಹಿಟ್ಟು ರಜಾ ದಿನವೂ ಹೋಗುತ್ತಿರಲಿಲ್ಲ. ತಾನು ಒಂದು ಸಾಲನ್ನೂ ನೆಟ್ಟಗೆ ಹಾಡಲಾರ, ಆದರೆ ಕೇಳುವುದರಲ್ಲಿ ಮಾತ್ರ ಅವನನ್ನು ಬಿಟ್ಟರಿಲ್ಲ. ಅವನ ತಲೆ ಅಲ್ಲಾಡಿದರೆ ಹಾಡು ಗೆದ್ದಂತೆ ಎಂದೇ ಟೈಲರ್ ಚಿಕ್ಕಂದಿನಿಂದ ನಂಬಿದ್ದ. ಅಂಥವನೇ ಇವತ್ತು ಗಾಯದ ಮೇಲೆ ಬರೆ ಎಳೆದನಲ್ಲ! ಟೈಲರ್ ದಡಬಡ ಎದ್ದು ಇಸ್ತ್ರಿ ಮೇಜಿನ ಕಡೆ ಮುಖ ಮಾಡಿ ನಿಂತ.

"ಗೇಲಿ ಮಾಡ್ತೀಯೇನೋ? ನನ್ ಗಂಟಲು ಹರಿದುಹೋಗಿದೆ, ನಿಂಗೆ ಆಹಾ ಅಂತೆ, ಆಹಾ! ಹೋಗೋ ಆಚೆ!"

ತಿರುಗಿ ನೋಡಿದರೆ ಗೆಳೆಯ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ. "ಯಾಕೋ ಎದ್ದುಬಿಟ್ಟೆ? ಮುಂದಿನ ಸಾಲು ಹಾಡು."

ಅಕ್ಕ ಇಬ್ಬರನ್ನೂ ನೋಡಿದಳು. ಮೆಲ್ಲಗೆ ಎದ್ದು ಗಿರಣಿಯವನ ಬೆನ್ನ ಹಿಂದೆ ಹೋಗಿ ನಿಂತು, ಮಾಮೂಲಿ ದನಿಯಲ್ಲಿ, "ಏನೋ, ನಿನ್ ಗಿರಣಿಗೆ ಬೆಂಕಿ ಬಿದ್ದಿದೆಯಂತೆ" ಅಂದಳು. ಅವನು ಕಾಲು ಚಾಚಿಕೊಂಡು, ಹಾಡು ಶುರುವಾಗುವುದನ್ನೇ ಕಾಯುತ್ತಾ ಕೂತಿದ್ದ.

ಟೈಲರನ ಸಿಟ್ಟು ಇಳಿಯಿತು. ಗೆಳೆಯನ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಕೇಳಿದ. "ಯಾವಾಗಿಂದ ಕೇಳಿಸ್ತಿಲ್ಲ?"

ಗಿರಣಿಯವನ ನಗು ಆರಿತು. "ಗೊತ್ತಾಗ್ಹೋಯ್ತಾ? ಸ್ವಲ್ಪ ದಿನ ಆಯ್ತು ಕಣೋ. ಆ ಗಿರಣಿ ಸದ್ದು ನೋಡು, ಕಾಳು ಹಾಕಿದ್ರೆ ಹಿಟ್ಟಾದ್ರೂ ಕೊಡುತ್ತೆ. ಕಿವಿ ಹಾಕಿದ್ರೆ ಏನೂ ವಾಪಸ್ ಕೊಡಲ್ಲ."

"ಮತ್ತೆ ಆಹಾ ಅಂತೀಯಲ್ಲ?"

"ನಿನ್ ಗಂಟಲ ನರ ಮೇಲೇಳೋದು ಕಾಣುತ್ತೆ. ಕಂಡ ತಕ್ಷಣ ಒಳಗೆ ಹಾಡು ಶುರು ಆಗ್ಬಿಡುತ್ತೆ. ಇಷ್ಟು ವರ್ಷ ಕೇಳಿದ್ದು ಎಲ್ಲಿಗೆ ಹೋಗುತ್ತೆ ಹೇಳು? ಅದು ಶುರುವಾದಾಗ ನಂಗೆ ಯಾವ ಚಿಂತೆನೂ ಇರಲ್ಲ ಕಣೋ. ದೇವರು ಪಕ್ಕದಲ್ಲೇ ಬಂದು ಕೂತ ಹಾಗಿರುತ್ತೆ." ಅವನು ತಲೆ ತಗ್ಗಿಸಿದ. "ಇನ್ಮೇಲೆ ಬರಬೇಡ ಅಂದ್ರೆ ಬರಲ್ಲ. ಕೋಣನ ಮುಂದೆ ಕಿನ್ನರಿ ಯಾಕೆ ನುಡಿಸ್ತೀಯ."

ಟೈಲರ್ ಅವನ ಗಲ್ಲ ಹಿಡಿದು ಮುಖ ಎತ್ತಿದ. "ಇವತ್ತು ಆ ಸ್ವರ ಬರ್ಲಿಲ್ಲ ಕಣೋ. ಒಡೆದುಹೋಯ್ತು. ಬೇಕಾದ್ರೆ ಅಕ್ಕನ್ನ ಕೇಳು."

ಗಿರಣಿಯವನು ಅಕ್ಕನ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಮತ್ತೆ ಟೈಲರನ ಕಡೆ ತಿರುಗಿ, "ಬರ್ಲಿಲ್ಲ ಅಂತ ನೀವಿಬ್ರೂ ಹೇಳ್ತೀರ. ನಾನು ಕೇಳಿದ್ನಲ್ಲ!" ಅಂದ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹಾರ್ಮೋನಿಯಂ ಮುಂದೆ ಕೂತಳು. ಟೈಲರ್ ಮೊದಲಿನಿಂದ ಶುರು ಮಾಡಿದ, ಗೆಳೆಯನಿಗೆ ಕಾಣಲೆಂದು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು. ಕೆಳಗಿನ ಸ್ವರಗಳು ಒರಟಾಗಿಯೇ ಬಂದವು, ಆದರೆ ಬಂದವು. ಮೇಲಿನದು ಹತ್ತಿರವಾದಾಗ ಈ ಸಲ ಅವನು ಹೆದರಲಿಲ್ಲ. ಬಾಯಿ ತುಂಬ ತೆರೆದು, ಕತ್ತೆತ್ತಿ, ಇದ್ದ ಉಸಿರನ್ನೆಲ್ಲ ಕೊಟ್ಟ. ಸದ್ದು ಹೊರಡಲಿಲ್ಲ. ಅಕ್ಕ ಹಾರ್ಮೋನಿಯಂನಲ್ಲಿ ಆ ಸ್ವರದ ಮನೆಯನ್ನು ತಾನೂ ಒತ್ತದೆ ಬೆರಳು ಹಿಡಿದುಕೊಂಡಳು. ಅಂಗಡಿಯೆಲ್ಲ ನಿಶ್ಶಬ್ದವಾಗಿತ್ತು, ಗಿರಣಿಯವನ ಕಣ್ಣಲ್ಲಿ ಮಾತ್ರ ನೀರು ತುಂಬಿಕೊಳ್ಳುತ್ತಿತ್ತು.

ಉಸಿರು ಮುಗಿದ ಮೇಲೆ ಟೈಲರ್ ಬೆವರು ಒರೆಸಿಕೊಂಡು, ಹಾಡು ಕಲಿಯುತ್ತಿದ್ದ ಕಾಲದ ಹುಡುಗನಂತೆ ಅಳುಕುತ್ತಾ ಕೇಳಿದ. "ಹೇಗಿತ್ತೋ?"

ಗಿರಣಿಯವನು ಮೂಗು ಸೊರ್ರೆಂದು ಎಳೆದುಕೊಂಡು, ತಲೆ ಓರೆ ಮಾಡಿದ.

"ಒಂದು ಕೂದಲೆಳೆಯಷ್ಟು ಮೇಲೆ ಹೋಯ್ತು. ಇನ್ನೊಂದ್ಸಲ ಹಾಡು."