ಕಂಬಕ್ಕೆ ಕೊಟ್ಟ ಬೆನ್ನು

ಬೆಳಿಗ್ಗೆ ಒಂಬತ್ತು ಗಂಟೆಗೆ, ರಾತ್ರಿ ಬಸ್ಸಿನಲ್ಲಿ ಬಂದಿಳಿದ ಭೀಮಾಂಬಿಕಾಳನ್ನು ಬಸ್ ನಿಲ್ದಾಣದ ಹೆಂಗಸರ ತಪಾಸಣೆ ಕೋಣೆಯಲ್ಲಿ ತಡೆದರು. ಅವಳ ಬೆನ್ನಿಗೆ ಲೇಪ ಇರಲಿಲ್ಲ.

ಬಿಸಿಲು ಬಟ್ಟೆ ದಾಟಿ ಸುಡತೊಡಗಿದ ಮೇಲೆ, ಮೈಯೆಲ್ಲ ಲೇಪ ಹಚ್ಚದವರನ್ನು ಹಗಲು ಹೊರಗೆ ಬಿಡುತ್ತಿರಲಿಲ್ಲ. ಕೈಗೆ ಸಿಗದ ಬೆನ್ನಿಗೆ ಮನೆಯವರೇ ಹಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಒಂಟಿಯಾಗಿ ಬಂದವರು ಸಂಜೆಯವರೆಗೆ ಅಲ್ಲೇ ಕೂರುವುದು ರೂಢಿ.

"ಮಧ್ಯಾಹ್ನದೊಳಗ ನನ್ನ ತಮ್ಮನ ಮಗಳನ್ನ ತೊಟ್ಟಿಲಿಗೆ ಹಾಕತಾರ. ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ ನಾನ," ಎಂದಳು ಭೀಮಾಂಬಿಕಾ.

"ಹಂಗಾರ ಗಂಡನ್ನ ಕರಕೊಂಡು ಬರಬೇಕಿತ್ತಲ್ಲಬೇ," ಎಂದು ಕಾವಲಿನ ಶಾಂತವ್ವ ನಕ್ಕಳು.

"ಬೆನ್ನಿಗೆ ಲೇಪ ಹಚ್ಚಾಕ ಲಗ್ನ ಆಗಬೇಕೇನು?"

ಭೀಮಾಂಬಿಕಾ ಡಬ್ಬಿಯಲ್ಲಿದ್ದ ಲೇಪವನ್ನೆಲ್ಲ ಕೋಣೆಯ ನಡುವಿನ ಕಂಬಕ್ಕೆ ಬಳಿದಳು. ಕುಪ್ಪಸ ಕಳಚಿ, ಸೆರಗನ್ನು ಎದೆಗೆ ಬಿಗಿದು, ಕಂಬಕ್ಕೆ ಬೆನ್ನು ಕೊಟ್ಟು ಉಜ್ಜತೊಡಗಿದಳು.

"ಅಯ್ಯ, ಎಮ್ಮಿ ಮೈ ತಿಕ್ಕಿದಂಗ ತಿಕ್ಕತೀಯಲ್ಲ!"

"ಎಮ್ಮಿ ಯಾರನ್ನೂ ಕಾಯಂಗಿಲ್ಲ ನೋಡು. ದೀಪ ಹಿಡಿ."

ಶಾಂತವ್ವ ತಪಾಸಣೆಯ ನೀಲಿ ದೀಪ ಹಿಡಿದಳು. ಲೇಪವಿಲ್ಲದ ಚರ್ಮ ಆ ಬೆಳಕಿಗೆ ಕಪ್ಪಗೆ ಕಾಣುತ್ತದೆ. ಎಡ ಹೆಗಲಿನ ಕೆಳಗೆ ಅಂಗೈಯಗಲ ಕಪ್ಪು ಉಳಿದಿತ್ತು. ಭೀಮಾಂಬಿಕಾ ಮತ್ತೆ ಉಜ್ಜಿದಳು. ಈ ಸಲ ಕಪ್ಪು ಕಾಣಲಿಲ್ಲ.

"ಮನಿಯವರ ಹಚ್ಚಬೇಕಂತ ಐತಿ," ಎಂದಳು ಶಾಂತವ್ವ, ದನಿ ತಗ್ಗಿಸಿ.

"ಬ್ಯಾರೆಯವರು ಮುಟ್ಟಬಾರದು ಅಂತನೂ ಐತಿ. ಯಾರು ಮುಟ್ಟ್ಯಾರ, ಹೇಳು."

ಶಾಂತವ್ವ ಬಾಗಿಲು ತೆರೆದಳು. ಭೀಮಾಂಬಿಕಾ ಕುಪ್ಪಸ ತೊಟ್ಟು ಬಿಸಿಲಿಗೆ ಇಳಿದಳು. ಬೆಂಚಿನ ಮೇಲೆ ಸಂಜೆಗಾಗಿ ಕಾಯುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದು, ತನ್ನ ಡಬ್ಬಿಯ ಲೇಪವನ್ನು ಕಂಬಕ್ಕೆ ಬಳಿಯತೊಡಗಿದಳು.