ಹೊಸ ಮೇಸ್ತ್ರಿ ಕಟ್ಟಿದ ಗಂಟು

ಹಗ್ಗದ ಗಂಟು ಬಿಗಿದು ಮುಗಿಸಿದರೂ ಅವಳ ಬೆರಳುಗಳು ಅದನ್ನು ಬಿಡಲೊಲ್ಲವು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವ ಆ ತಂಡದಲ್ಲಿ, ಇಳಿಯುವವನಿಗೆ ಹಗ್ಗ ಕಟ್ಟುವುದು ಮೇಸ್ತ್ರಿಯ ಕೆಲಸ. ಇವತ್ತಿನಿಂದ ಮೇಸ್ತ್ರಿ ಅವಳೇ. ಮೊದಲು ಇಳಿಯಬೇಕಾದವನು ಎಲ್ಲರಿಗಿಂತ ಹಿರಿಯ. ಅವನು ಆಗಲ್ಲ ಅಂದರೆ ಉಳಿದವರೂ ಇಳಿಯುವುದಿಲ್ಲ, ಸಂಜೆಯೊಳಗೆ ಅವಳ ಮೇಸ್ತ್ರಿಕೆ ಹೋಗುತ್ತದೆ.

"ಜಡೆ ಹೆಣೆದಂಗೆ ಹೆಣೆದಿದ್ದಾಳೆ, ನೋಡ್ಕೊಂಡು ಇಳಿಯಣ್ಣ," ಎಂದು ಹಿಂದೆ ಯಾರೋ ನಕ್ಕರು.

ಇಳಿಯುವ ಮುಂಚೆ ಎಲ್ಲರೂ ಗಂಟನ್ನು ಎಳೆದು ನೋಡುತ್ತಿದ್ದರು. ಹಳೇ ಮೇಸ್ತ್ರಿ ಕಟ್ಟಿದ್ದನ್ನೂ ಬಿಡುತ್ತಿರಲಿಲ್ಲ. ಇವತ್ತು ಹಿರಿಯ ಅವಳ ಗಂಟಿನ ಕಡೆ ಕಣ್ಣು ಹಾಯಿಸಲೇ ಇಲ್ಲ. "ಕಟ್ಟಿದ್ದೀಯಲ್ಲಮ್ಮ ಮೇಸ್ತ್ರಿ, ಸಾಕು," ಎಂದು ಬಣ್ಣದ ಡಬ್ಬ ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯಂಚಿನಿಂದ ಇಳಿದುಬಿಟ್ಟ.

ಹಗ್ಗ ಬಿಗಿಯಿತು. ಇಳಿಯದಿದ್ದರೆ ಎಂಬ ಹೆದರಿಕೆ ಹೋಗಿ, ನೋಡದೆ ಇಳಿದನಲ್ಲ ಎಂಬ ಹೆದರಿಕೆಯಲ್ಲಿ ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.